ಚೀಟಿ ಉಳಿಯಿತು, ಕಾಗದ ಹೋಯಿತು

ಅಂಚೆ ಚೀಟಿಗಳ ಸಂಗ್ರಹವನ್ನು ‘ಹವ್ಯಾಸಗಳ ರಾಜ’ ಎಂದು ಕರೆಯುವ ವಾಡಿಕೆಯಿದೆ. ‘ರಾಜರ ಹವ್ಯಾಸ’ ಎಂದು ಹೇಳುವವರೂ ಉಂಟು. ಈ ಬಿರುದುಗಳನ್ನು ಕಿತ್ತುಕೊಳ್ಳುವ ಉದ್ದೇಶ ನನಗಿಲ್ಲ. ಆದರೆ ಈ ರಾಜನ ಆಳ್ವಿಕೆಯಲ್ಲಿ ಒಂದು ಬಡಪಾಯಿ ಪ್ರಜೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಕತ್ತರಿಗೆ ಕೊರಳೊಡ್ಡುತ್ತ ಬಂದಿದೆ. ಆ ಪ್ರಜೆಯ ಹೆಸರು ಕಾಗದ. ಚೀಟಿಯನ್ನು ಪಡೆಯುವುದಕ್ಕಾಗಿ ಲಕೋಟೆಯನ್ನು ಕತ್ತರಿಸಿ, ನೀರಿನಲ್ಲಿ ನೆನೆಸಿ, ಅಂಟನ್ನು ತೊಳೆದು, ಉಳಿದದ್ದನ್ನು ಒಲೆಗೋ ರದ್ದಿಯವನಿಗೋ ಕೊಡುವ ಪದ್ಧತಿಯನ್ನು ನಾವು ‘ಸಂಗ್ರಹ’ ಎಂದು ಕರೆದೆವು. ಅದು ಸಂಗ್ರಹವಲ್ಲ, ವಿಸರ್ಜನೆ ಎಂಬುದೇ ನನ್ನ ವಾದ.

ಈ ವಾದವನ್ನು ಈಗ ಎತ್ತಲು ಕಾರಣವಿದೆ. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಐವತ್ತು ದಾಟಿದ್ದೀರಿ. ಊರಿನ ಹಳೆಯ ಮನೆಗಳನ್ನು ಮಾರುವ, ಅಟ್ಟವನ್ನು ಖಾಲಿ ಮಾಡುವ, ಹಿರಿಯರ ಟ್ರಂಕುಗಳನ್ನು ತೆರೆಯುವ ಕಾಲ ನಿಮಗೀಗ ಬಂದಿದೆ. ಕಳೆದೊಂದು ವರ್ಷದಲ್ಲಿ ಮೂವರು ನನಗೆ ಒಂದೇ ಬಗೆಯ ಸುದ್ದಿಯನ್ನು ತಿಳಿಸಿದರು: “ಸರ್, ಅಜ್ಜನ ಪತ್ರಗಳು ಒಂದು ಮೂಟೆಯಷ್ಟಿದ್ದವು, ಸ್ಟಾಂಪುಗಳನ್ನೆಲ್ಲ ಕತ್ತರಿಸಿ ಮಗನ ಆಲ್ಬಮಿಗೆ ಹಾಕಿದೆವು.” ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಗುರುಗಳು ಮೆಚ್ಚುತ್ತಾರೆಂಬ ನಿರೀಕ್ಷೆಯಿತ್ತು. ಯಾರ ಮನಸ್ಸನ್ನೂ ನೋಯಿಸುವುದು ನನಗೆ ಇಷ್ಟವಿಲ್ಲ. ಆದರೆ ಇನ್ನುಳಿದ ಮೂಟೆಗಳಾದರೂ ಉಳಿಯಬೇಕಾದರೆ ಮಾತನ್ನು ಸ್ಪಷ್ಟವಾಗಿಯೇ ಆಡಬೇಕು.

ಮೊದಲಿಗೆ ಹೆಸರನ್ನೇ ನೋಡೋಣ. ‘ಫಿಲಾಟೆಲಿ’ ಎಂಬ ಪದವನ್ನು 1864ರಲ್ಲಿ ಜಾರ್ಜ್ ಎರ್ಪಾ ಎಂಬ ಫ್ರೆಂಚ್ ಸಂಗ್ರಾಹಕ ಎರಡು ಗ್ರೀಕ್ ಶಬ್ದಗಳನ್ನು ಜೋಡಿಸಿ ಕಟ್ಟಿದ. ಒಂದು ‘ಪ್ರೀತಿ’, ಇನ್ನೊಂದು ‘ಸುಂಕವಿಲ್ಲದಿರುವಿಕೆ’. ಅಂದರೆ ಆ ಪದದ ಮೂಲಾರ್ಥದಲ್ಲಿ ಚೀಟಿಯ ಬಣ್ಣವೂ ಇಲ್ಲ, ಚಿತ್ರವೂ ಇಲ್ಲ. ಪತ್ರವನ್ನು ಪಡೆಯುವವನು ಹಣ ತೆರಬೇಕಾಗಿಲ್ಲ ಎಂಬ ವ್ಯವಸ್ಥೆಯೊಂದೇ ಇದೆ. ಚೀಟಿ ಬರುವ ಮೊದಲು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಪತ್ರ ಪಡೆದವನೇ ದುಡ್ಡು ಕೊಡಬೇಕಾಗಿತ್ತು. ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಲೆಕ್ಕ ಹಾಕಿ ದರವನ್ನು ನಿಗದಿ ಮಾಡುತ್ತಿದ್ದರು. 1837ರಲ್ಲಿ ರೋಲೆಂಡ್ ಹಿಲ್ ಎಂಬಾತ ಒಂದು ಕಿರುಹೊತ್ತಗೆಯನ್ನು ಬರೆದು, ಲಂಡನ್ನಿನಿಂದ ಎಡಿನ್‌ಬರೋವಿಗೆ ಒಂದು ಪತ್ರವನ್ನು ಸಾಗಿಸುವ ನಿಜವಾದ ಖರ್ಚು ಒಂದು ಪೆನ್ನಿಯ ಮೂವತ್ತಾರನೆಯ ಒಂದು ಭಾಗ ಮಾತ್ರ ಎಂದು ತೋರಿಸಿದ. ಖರ್ಚೆಲ್ಲ ಇದ್ದದ್ದು ಲೆಕ್ಕ ಹಾಕುವುದರಲ್ಲಿ ಮತ್ತು ಮನೆಬಾಗಿಲಲ್ಲಿ ವಸೂಲು ಮಾಡುವುದರಲ್ಲಿ. ದೂರ ಎಷ್ಟಾದರೂ ಒಂದೇ ದರ, ಅದನ್ನು ಕಳುಹಿಸುವವನೇ ಮುಂಗಡವಾಗಿ ಕೊಡಬೇಕು ಎಂಬುದು ಅವನ ಪರಿಹಾರವಾಗಿತ್ತು. ಹಣ ಸಂದಾಯವಾಗಿದೆ ಎಂಬುದಕ್ಕೆ ರಸೀತಿಯಾಗಿ 1840ರ ಮೇ ತಿಂಗಳಲ್ಲಿ ‘ಪೆನ್ನಿ ಬ್ಲ್ಯಾಕ್’ ಹೊರಬಂತು. 1839ರಲ್ಲಿ ಸುಮಾರು 7.6 ಕೋಟಿಯಷ್ಟಿದ್ದ ಬ್ರಿಟನ್ನಿನ ಪತ್ರಗಳ ಸಂಖ್ಯೆ ಮರುವರ್ಷವೇ ಸುಮಾರು 16.9 ಕೋಟಿಗೆ ಏರಿತು. ಬಡವರ ಮನೆಗಳಿಗೂ ಕಾಗದ ಬರುವಂತಾದದ್ದು ಅಲ್ಲಿಂದಲೇ.

ಚೀಟಿ ಎಂದರೆ ರಸೀತಿ ಎಂಬುದನ್ನು ದಯವಿಟ್ಟು ನೆನಪಿಡಿ. ರೈಲು ಪ್ರಯಾಣದ ಟಿಕೇಟುಗಳನ್ನು ಒಟ್ಟುಮಾಡಿ, ಬಣ್ಣದ ಪ್ರಕಾರ ವಿಂಗಡಿಸಿ, ಮೇಲಿನ ಊರಿನ ಹೆಸರನ್ನೂ ತಾರೀಖನ್ನೂ ತೊಳೆದುಹಾಕಿ ಆಲ್ಬಮಿನಲ್ಲಿ ಇಟ್ಟವನನ್ನು ನಾವು ರೈಲ್ವೆಯ ಇತಿಹಾಸಕಾರ ಎನ್ನುತ್ತೇವೆಯೇ? ಹಾಗಾದರೆ ಚೀಟಿಗಳ ವಿಷಯದಲ್ಲಿ ಮಾತ್ರ ಆ ರಿಯಾಯಿತಿ ಏಕೆ?

ಅಂಚೆ ಇತಿಹಾಸ ಎಂಬ ಅಧ್ಯಯನ ಬೇರೊಂದು ಪ್ರಶ್ನೆಯಿಂದ ಹೊರಡುತ್ತದೆ. ಈ ಕಾಗದ ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ದಿನಗಳಲ್ಲಿ, ಯಾರ ಕೈ ದಾಟಿ, ಯಾವ ದರಕ್ಕೆ ಹೋಯಿತು? ನಡುವೆ ಅದನ್ನು ಯಾರಾದರೂ ತಡೆದರೇ, ತೆರೆದರೇ, ಹಿಂದಿರುಗಿಸಿದರೇ? ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಇಡೀ ಲಕೋಟೆಯಿಂದ: ವಿಳಾಸದಿಂದ, ಮುಂಬದಿ ಹಿಂಬದಿಯ ಠಸ್ಸೆಗಳಿಂದ, ಅಂಚೆಯವರು ಪೆನ್ಸಿಲಿನಿಂದ ಗೀಚಿದ ಅಂಕಿಗಳಿಂದ. ಚೀಟಿ ಅವುಗಳಲ್ಲಿ ಒಂದು ಸಾಕ್ಷಿ ಮಾತ್ರ, ಅದೂ ಎಲ್ಲಕ್ಕಿಂತ ಕಿರಿಯದು. ಲಂಡನ್ನಿನಲ್ಲಿ ಹೆನ್ರಿ ಬಿಷಪ್ ಎಂಬ ಅಂಚೆಯ ಅಧಿಕಾರಿ ದಿನಾಂಕದ ಠಸ್ಸೆಯನ್ನು ಜಾರಿಗೆ ತಂದದ್ದು 1661ರಲ್ಲಿ. ಮೊದಲ ಚೀಟಿಗಿಂತ ಅದು 179 ವರ್ಷ ಹಿರಿಯದು.

ಇದು ಪರದೇಶದ ಮಾತಾಯಿತು ಎನ್ನುವವರಿಗೆ ನಮ್ಮ ನಾಡಿನ ಕಥೆಯನ್ನೇ ಹೇಳುತ್ತೇನೆ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಅವುಗಳಲ್ಲಿ ಅಂಚೆಯೂ ಒಂದು. ಪತ್ರವನ್ನು ಒಯ್ಯುವುದರ ಜೊತೆಗೆ ನಾಡಿನ ಸುದ್ದಿಯನ್ನು ದೊರೆಯ ಕಿವಿಗೆ ಮುಟ್ಟಿಸುವುದೂ ಆ ಅಂಚೆಯ ಕೆಲಸವಾಗಿತ್ತೆಂಬುದನ್ನು ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಗುರುತಿಸಿದ್ದಾನೆ. ಹೈದರ್ ಬಂದ, ಟಿಪ್ಪು ಬಂದ, ಮತ್ತೆ ಒಡೆಯರು ಬಂದರು, ಕಮಿಷನರುಗಳು ಬಂದರು. ಅಂಚೆ ಮಾತ್ರ ನಡೆದೇ ಇತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಸುಮಾರು ಎರಡು ನೂರು ವರ್ಷಗಳ ಈ ಬಾಳ್ವೆಯಲ್ಲಿ ಮೈಸೂರು ಅಂಚೆ ಒಂದೇ ಒಂದು ಚೀಟಿಯನ್ನೂ ಹೊರಡಿಸಲಿಲ್ಲ.

ಈಗ ದೇಶೀಯ ಸಂಸ್ಥಾನಗಳ ಚೀಟಿಗಳ ಯಾವುದೇ ಆಲ್ಬಮನ್ನು ತೆರೆದು ನೋಡಿ. ತಿರುವಾಂಕೂರಿಗೆ ಪುಟವಿದೆ, ಕೊಚ್ಚಿಗೆ ಇದೆ, ಹೈದರಾಬಾದಿಗೆ ಇದೆ. ನಮ್ಮ ಒಂದು ತಾಲ್ಲೂಕಿನಷ್ಟಿದ್ದ ಚಿಕ್ಕ ಚಿಕ್ಕ ಸಂಸ್ಥಾನಗಳಿಗೂ ಪುಟಗಳಿವೆ. ಮೈಸೂರಿಗೆ ಇಲ್ಲ. ಚೀಟಿಯೇ ಅಂಚೆ ಎಂದು ನಂಬಿ ಬೆಳೆದ ಹುಡುಗನ ಪಾಲಿಗೆ ಮೈಸೂರಿನಲ್ಲಿ ಅಂಚೆಯೇ ಇರಲಿಲ್ಲ ಎಂದಂತಾಯಿತು. ಇಂಡಿಯಾದ ಅತ್ಯಂತ ದೀರ್ಘಾಯುವಾದ ನಾಡ ಅಂಚೆಗಳಲ್ಲಿ ಒಂದನ್ನು ಒಂದು ಹವ್ಯಾಸ ತನ್ನ ಕಣ್ಣಿನಿಂದಲೇ ಅಳಿಸಿಹಾಕಿದೆ. ಅದು ಉಳಿದಿರುವುದು ಚೀಟಿಯಿಲ್ಲದ ಹಳೆಯ ಕಾಗದಗಳ ಮೇಲಿನ ಠಸ್ಸೆಗಳಲ್ಲಿ. ಚೀಟಿಯಿಲ್ಲವೆಂಬ ಒಂದೇ ಕಾರಣಕ್ಕೆ ಅಂಥ ಕಾಗದಗಳನ್ನು ಎಷ್ಟು ಮನೆಗಳಲ್ಲಿ ಒಲೆಗೆ ಹಾಕಿರಬಹುದು, ನೀವೇ ಊಹಿಸಿ.

ಇನ್ನು ಉತ್ತರದ ಕಡೆಗೆ, ನಮ್ಮ ಸೀಮೆಗೆ ಬರೋಣ. 1956ಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತೆಂದು ನಾನು ತರಗತಿಯಲ್ಲಿ ಪಾಠ ಮಾಡಿದ್ದು ನಿಮಗೆ ನೆನಪಿರಬೇಕು. ಭೂಪಟದಲ್ಲಿ ಅದು ಹಲವು ಬಣ್ಣ. ಅಂಚೆಯಲ್ಲಿ ಅದರ ಅರ್ಥವೇನು? ಗದಗ ಮುಂಬಯಿ ಪ್ರಾಂತದಲ್ಲಿತ್ತು. ಅರವತ್ತು ಕಿಲೋಮೀಟರಿನೊಳಗಿನ ಕೊಪ್ಪಳ ನಿಜಾಮರ ರಾಜ್ಯದಲ್ಲಿತ್ತು. ನಿಜಾಮರ ಸರಕಾರ 1869ರಿಂದ ತನ್ನದೇ ಚೀಟಿಗಳನ್ನು ಹೊರಡಿಸುತ್ತಿತ್ತು. ಅವು ಆ ರಾಜ್ಯದ ಗಡಿಯೊಳಗೆ ಮಾತ್ರ ಸಲ್ಲುತ್ತಿದ್ದವು. ಆ ಅಂಚೆ ಭಾರತದ ಅಂಚೆಯಲ್ಲಿ ಸೇರಿದ್ದು 1950ರಲ್ಲಿ. ಒಂದೇ ಭಾಷೆ, ಒಂದೇ ಬಳಗ, ಅತ್ತ ಕೊಟ್ಟ ಹೆಣ್ಣುಮಕ್ಕಳು, ಇತ್ತ ತಂದ ಸೊಸೆಯಂದಿರು. ಇವರ ನಡುವಿನ ಕಾಗದಕ್ಕೆ ಅದು ಪರರಾಜ್ಯದ ಪಯಣವಾಗಿತ್ತು.

ನಮ್ಮ ಸೋದರತ್ತೆಯನ್ನು ಕೊಪ್ಪಳದ ಬಳಿಯ ಒಂದು ಹಳ್ಳಿಗೆ ಕೊಟ್ಟಿದ್ದರು. 1948ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಆ ಕಡೆಯ ಅನೇಕ ಕುಟುಂಬಗಳು ಗಡಿ ದಾಟಿ ಈಚೆಗೆ ಬಂದದ್ದನ್ನು ಬಳಗದ ಹಿರಿಯರಿಂದ ನೀವೆಲ್ಲ ಕೇಳಿದ್ದೀರಿ. ಮುಂಡರಗಿ, ಗಜೇಂದ್ರಗಡಗಳ ಸುತ್ತ ಹೋರಾಟಗಾರರ ಶಿಬಿರಗಳಿದ್ದ ಕಾಲವದು. ಆ ವರ್ಷ ಅತ್ತೆಯ ಎರಡನೆಯ ಕೂಸು ತೀರಿಕೊಂಡಿತು. ಎಲ್ಲಿ, ಹೇಗೆ ಎಂಬುದನ್ನು ಆಕೆ ಯಾರೊಡನೆಯೂ ಬಾಯಿಬಿಟ್ಟು ಹೇಳಲಿಲ್ಲ. ಅವರು ತಮ್ಮ ಅಣ್ಣನಿಗೆ, ಅಂದರೆ ನನ್ನ ತಂದೆಗೆ, ಬರೆದ ಒಂದು ಕಾಗದ ತಂದೆಯವರು ಪತ್ರಗಳನ್ನು ಚುಚ್ಚಿಡುತ್ತಿದ್ದ ತಂತಿಯಲ್ಲಿ ಉಳಿದಿತ್ತು. ‘ತೀರ್ಥರೂಪ ಅಣ್ಣನವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದು ಮೊದಲಾಗುವ ಆ ಕಾಗದದಲ್ಲಿ ಕೂಸಿಗೆ ಮೈ ಸುಡುತ್ತಿದೆ, ನಾಳೆ ಇಲ್ಲಿಂದ ಹೊರಡುತ್ತೇವೆ ಎಂದಿದೆ. ಮೇಲೆ ‘ಗುರುವಾರ’ ಎಂದಷ್ಟೇ ಇದೆ. ‘ಇಲ್ಲಿಂದ’ ಎಂದರೆ ಎಲ್ಲಿಂದ? ಗಂಡನ ಮನೆಯಿಂದಲೋ, ಗಡಿ ದಾಟಿದ ಮೇಲೆ ತಂಗಿದ ಊರಿನಿಂದಲೋ? ಲಕೋಟೆಯ ಮೇಲಿದ್ದ ಚೀಟಿ ನಿಜಾಮರದಾಗಿದ್ದರೆ ಒಂದು ಉತ್ತರ, ಜಾರ್ಜ್ ದೊರೆಯದಾಗಿದ್ದರೆ ಇನ್ನೊಂದು ಉತ್ತರ. ಅದರ ಮೇಲೆ ಬಡಿದ ಠಸ್ಸೆಯಲ್ಲಿ ಊರೂ ತಾರೀಖೂ ಇರುತ್ತಿದ್ದವು.

ಆ ಮೂಲೆಯನ್ನು ನಮ್ಮ ಬಳಗದವರೊಬ್ಬರು ಎಂದೋ ಕತ್ತರಿಸಿಕೊಂಡಿದ್ದಾರೆ. ಲಕೋಟೆಯಲ್ಲಿ ಈಗಿರುವುದು ಒಂದು ಚೌಕಾಕಾರದ ಕಿಂಡಿ. ಹಿಂಬದಿಯ ಠಸ್ಸೆ ಮಸುಕಾಗಿ ‘48’ ಎಂಬ ಅಂಕಿಯಷ್ಟೇ ಕಾಣುತ್ತದೆ. ಕತ್ತರಿಸಿದವರ ಆಲ್ಬಮನ್ನು ನಾನು ನೋಡಿದ್ದೇನೆ. ಅದರಲ್ಲಿ ನಿಜಾಮರ ಚೀಟಿಗಳ ಪುಟವೂ ಇದೆ, ಜಾರ್ಜ್ ದೊರೆಯ ಚೀಟಿಗಳ ಪುಟವೂ ಇದೆ. ಬಹಳ ಓರಣವಾಗಿ ಜೋಡಿಸಿದ್ದಾರೆ. ಅತ್ತೆಯ ಕಾಗದದಿಂದ ಬಂದದ್ದು ಯಾವುದೆಂದು ಅವರಿಗೆ ನೆನಪಿಲ್ಲ. ನೆನಪಿರಲು ಕಾರಣವೂ ಇಲ್ಲ, ಏಕೆಂದರೆ ಆ ಚೀಟಿಗೆ ಪೇಟೆಯಲ್ಲಿ ಹತ್ತು ರೂಪಾಯಿಯೂ ಹುಟ್ಟುವುದಿಲ್ಲ. ಅತ್ತೆ ತೀರಿಕೊಂಡು ಮೂವತ್ತು ವರ್ಷಗಳಾಗುತ್ತ ಬಂದವು. ಕೇಳಲು ಇನ್ನಾರೂ ಇಲ್ಲ. ಒಂದು ಕೂಸಿನ ಕೊನೆಯ ವಾರದ ಬಗ್ಗೆ ಒಂದು ಕುಟುಂಬಕ್ಕೆ ದೊರೆಯಬಹುದಾಗಿದ್ದ ಏಕೈಕ ಸಾಕ್ಷ್ಯ ಒಂದು ಬಟ್ಟಲು ನೀರಿನಲ್ಲಿ ತೊಳೆದುಹೋಯಿತು.

ಇದು ನಮ್ಮ ಮನೆಯೊಂದರ ದುರದೃಷ್ಟವೆಂದು ತಳ್ಳಿಹಾಕಬೇಡಿ. ಇನ್ನೂ ಹತ್ತಿರದ ಕಾಲದ ಉದಾಹರಣೆಯನ್ನು ಕೊಡುತ್ತೇನೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಾಗ, ಆ ವರ್ಷದ ನವೆಂಬರಿನಿಂದ 1973ರ ಮಾರ್ಚ್ ಕೊನೆಯವರೆಗೆ ಲಕೋಟೆಗಳ ಮೇಲೆ ಮಾಮೂಲು ಚೀಟಿಯ ಜೊತೆಗೆ ಐದು ಪೈಸೆಯ ‘ನಿರಾಶ್ರಿತರ ಪರಿಹಾರ’ದ ಚೀಟಿಯನ್ನೂ ಹಚ್ಚಬೇಕಾಗಿತ್ತು. ಹೊಸ ಚೀಟಿ ಅಚ್ಚಾಗುವವರೆಗೆ ಕುಟುಂಬ ಯೋಜನೆಯ ಐದು ಪೈಸೆಯ ಚೀಟಿಯ ಮೇಲೆಯೇ ಅಕ್ಷರಗಳನ್ನು ಒತ್ತಿ ಹಂಚಿದರು. ಬೆಂಗಳೂರಿನಲ್ಲಿಯೂ ಇಂಥ ಮೇಲ್ಮುದ್ರಣ ನಡೆಯಿತು. ತೊಳೆದು ಆಲ್ಬಮಿಗೆ ಹಾಕಿದ ಆ ಐದು ಪೈಸೆಯ ಚೂರಿಗೆ ಏನು ಬೆಲೆ? ಆದರೆ ಅದೇ ಚೂರು ಇಪ್ಪತ್ತು ಪೈಸೆಯ ಚೀಟಿಯ ಪಕ್ಕದಲ್ಲಿ, ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಮೆಣಸಿನಕಾಯಿಯ ದರವನ್ನು ಕೇಳಿ ಬರೆದ ಒಬ್ಬ ವ್ಯಾಪಾರಿಯ ಲಕೋಟೆಯ ಮೇಲಿದ್ದರೆ? ಬಂಗಾಳವನ್ನು ಕನಸಿನಲ್ಲಿಯೂ ಕಾಣದ ಮನುಷ್ಯ ಒಂದೂವರೆ ಸಾವಿರ ಕಿಲೋಮೀಟರಿಗೂ ಆಚೆಯ ಸಂಕಟಕ್ಕೆ ಕಾಗದಕ್ಕೆ ಐದು ಪೈಸೆಯಂತೆ ತೆತ್ತನೆಂಬುದಕ್ಕೆ ಅದು ದಾಖಲೆ. ಇಂಥ ಲಕೋಟೆಗಳು ನಿಮ್ಮ ಮನೆಗಳಲ್ಲಿ ಖಂಡಿತವಾಗಿ ಇವೆ ಅಥವಾ ಇದ್ದವು.

ಚೀಟಿಯೇ ಇಲ್ಲದ ಕಾಗದಗಳ ಮಾತನ್ನೂ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ತಂದು ಬೆಂಗಳೂರಿನ ಶಿಬಿರಗಳಲ್ಲಿ ಇರಿಸಿದ್ದರು. 1929ರ ಜಿನೀವಾ ಒಪ್ಪಂದದಂತೆ ಯುದ್ಧಕೈದಿಗಳ ಪತ್ರಗಳಿಗೆ ಅಂಚೆ ವೆಚ್ಚವಿಲ್ಲ. ಆದ್ದರಿಂದ ಅವರು ಮನೆಗೆ ಬರೆದ ಕಾಗದಗಳ ಮೇಲೆ ಚೀಟಿಯಿಲ್ಲ, ಸೆನ್ಸಾರಿನ ಮುದ್ರೆಗಳಿವೆ, ಶಿಬಿರದ ಗುರುತುಗಳಿವೆ. ಚೀಟಿಪ್ರಿಯನಿಗೆ ಅದು ಖಾಲಿ ಹಾಳೆ. ಬೆಂಗಳೂರಿನ ಯುದ್ಧಕಾಲದ ಚರಿತ್ರೆಯನ್ನು ಬರೆಯುವವನಿಗೆ ಅದು ನಿಧಿ.

ಮುಂಗಡ ಪಾವತಿಯಾಗದ ‘ಬೇರಿಂಗ್’ ಕಾಗದವೂ ಹಾಗೆಯೇ. 1854ರಲ್ಲಿ ಡಾಲ್‌ಹೌಸಿಯ ಕಾಲದ ಅಂಚೆ ಕಾನೂನು ಇಂಡಿಯಾದಾದ್ಯಂತ ಕಾಲು ತೊಲೆಯ ಪತ್ರಕ್ಕೆ ಅರ್ಧಾಣೆಯ ಏಕರೂಪ ದರವನ್ನು ತಂದಿತು. ಅದಕ್ಕೆ ಮೊದಲು ಕಲ್ಕತ್ತೆಯಿಂದ ಮುಂಬಯಿಗೆ ಒಂದು ತೊಲೆಯ ಕಾಗದಕ್ಕೆ ಒಂದು ರೂಪಾಯಿ ಬೀಳುತ್ತಿತ್ತು. ಚೀಟಿ ಹಚ್ಚದೆ ಕಳುಹಿಸಿದರೆ ಪಡೆಯುವವನಿಂದ ದುಪ್ಪಟ್ಟು ವಸೂಲಾಗುತ್ತಿತ್ತು. ಕಾಲು ತೊಲೆ ಎಂದರೆ ಮೂರು ಗ್ರಾಮಿಗೂ ಕಡಿಮೆ. ಹಳೆಯ ಕಾಗದಗಳ ಹಾಳೆ ಈರುಳ್ಳಿ ಸಿಪ್ಪೆಯಂತೆ ಏಕೆ ತೆಳ್ಳಗಿದೆ, ಅಂಚಿನಲ್ಲಿಯೂ ಅಡ್ಡಡ್ಡಲಾಗಿ ಅಕ್ಷರಗಳನ್ನು ಏಕೆ ತುಂಬಿದ್ದಾರೆ ಎಂಬುದಕ್ಕೆ ಕಾರಣ ಈ ತೂಕದ ಲೆಕ್ಕದಲ್ಲಿದೆ. ದರ ತಿಳಿಯದವನಿಗೆ ಅದು ಜಿಪುಣತನ, ತಿಳಿದವನಿಗೆ ಅದೇ ಇತಿಹಾಸ. ನಮ್ಮಲ್ಲಿ ಮದುವೆಯ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಿದ್ದುದು, ಸಾವಿನ ಸುದ್ದಿಯ ಕಾರ್ಡನ್ನು ಓದಿದೊಡನೆ ಹರಿದುಹಾಕುತ್ತಿದ್ದುದು, ಓದುಬಾರದವರಿಗೆ ಅಂಚೆಯವನೇ ಓದಿ ಹೇಳಿ ಉತ್ತರವನ್ನೂ ಬರೆದುಕೊಡುತ್ತಿದ್ದುದು, ಇವೆಲ್ಲ ಯಾವ ಆಲ್ಬಮಿನ ಯಾವ ಪುಟದಲ್ಲಿ ಸಿಗುತ್ತವೆ?

ಈಗ ಎದುರು ಪಕ್ಷದ ವಾದಗಳನ್ನು ಕೇಳೋಣ. ಅವುಗಳನ್ನು ಕೇಳದೆ ತೀರ್ಪು ಕೊಡುವುದು ಮಾಸ್ತರಿಕೆಗೆ ಶೋಭೆಯಲ್ಲ.

ಚೀಟಿ ಸಂಗ್ರಾಹಕರು ಇಲ್ಲದಿದ್ದರೆ ಏನೂ ಉಳಿಯುತ್ತಿರಲಿಲ್ಲ ಎಂಬುದು ಮೊದಲನೆಯ ವಾದ. ಇದರಲ್ಲಿ ಸತ್ಯವಿದೆ. ಚೀಟಿಯ ಕಾಗದ, ಅಂಚಿನ ತೂತುಗಳು, ವಾಟರ್‌ಮಾರ್ಕ್, ಅಚ್ಚಿನ ಸೂಕ್ಷ್ಮ ವ್ಯತ್ಯಾಸ ಇವುಗಳನ್ನು ಅವರಷ್ಟು ತಾಳ್ಮೆಯಿಂದ ನೋಡಿದವರು ಬೇರಿಲ್ಲ. ಲಂಡನ್ನಿನ ಷೇರುಪೇಟೆಯ ಅಂಚೆ ಕಚೇರಿಯಲ್ಲಿ 1870ರ ದಶಕದ ಆರಂಭದಲ್ಲಿ ತಂತಿಯ ಅರ್ಜಿಗಳ ಮೇಲೆ ನಕಲಿ ಒಂದು ಶಿಲಿಂಗ್ ಚೀಟಿಗಳನ್ನು ಹಚ್ಚಿ ಅಂಚೆ ಇಲಾಖೆಗೆ ಮೋಸ ಮಾಡಿದ್ದರು. ಅದನ್ನು 1898ರಲ್ಲಿ ಪತ್ತೆ ಮಾಡಿದವನು ಚಾರ್ಲ್ಸ್ ನಿಸೆನ್ ಎಂಬ ಚೀಟಿ ವ್ಯಾಪಾರಿ. ಚೀಟಿಗಳಲ್ಲಿ ವಾಟರ್‌ಮಾರ್ಕ್ ಇರಲಿಲ್ಲ, ಮೂಲೆಯ ಅಕ್ಷರಗಳ ಜೋಡಣೆ ಅಸಲಿ ಹಾಳೆಯಲ್ಲಿ ಬರಲು ಸಾಧ್ಯವೇ ಇರಲಿಲ್ಲ. ಚೀಟಿಯ ವಿದ್ಯೆ ಅಂಚೆಯ ಇತಿಹಾಸಕ್ಕೆ ನೆರವಾದ ಇಂಥ ಸಂದರ್ಭಗಳಿಗೆ ನಾನು ತಲೆಬಾಗುತ್ತೇನೆ. ಆದರೆ ನಿಸೆನ್ ಮಾಡಿದ್ದು ಓದು. ಖಾನೆಯನ್ನು ತುಂಬುವ ಕೆಲಸವಲ್ಲ. ಮುಂಬಯಿಯ ಜಾಲ್ ಕೂಪರ್ ಅವರು ಮಾಡಿದ್ದೂ ಓದನ್ನೇ. ವಿಕ್ಟೋರಿಯಾ ರಾಣಿಯ ಮುಖವಿದ್ದ ಇಂಡಿಯಾದ ಚೀಟಿಗಳು ಒಂದು ಕಾಲಕ್ಕೆ ಸಿಂಗಾಪುರ, ಏಡನ್, ಜಂಜಿಬಾರ್‌ಗಳಲ್ಲಿಯೂ ಸಲ್ಲುತ್ತಿದ್ದವು. ಚೀಟಿ ಒಂದೇ. ಅದು ಸಿಂಗಾಪುರದಲ್ಲಿ ಬಳಕೆಯಾಯಿತೆಂದು ತಿಳಿಯುವುದು ‘ಬಿ 172’ ಎಂಬ ಠಸ್ಸೆಯಿಂದ. ಚೀಟಿಯನ್ನು ‘ಕೊಳಕು’ ಮಾಡಿದ ಠಸ್ಸೆಯೇ ಅದರ ಜೀವಾಳ ಎಂಬುದನ್ನು ಕಂಡ ದಿನ ಚೀಟಿ ಸಂಗ್ರಾಹಕ ಇತಿಹಾಸದ ವಿದ್ಯಾರ್ಥಿಯಾಗುತ್ತಾನೆ. ಆ ಹೆಜ್ಜೆಯನ್ನು ಇಡಿ ಎಂಬುದಷ್ಟೇ ನನ್ನ ಬೇಡಿಕೆ.

ಎರಡನೆಯದು, ‘ಮಕ್ಕಳ ಹವ್ಯಾಸ, ಅದಕ್ಕೇಕೆ ಇಷ್ಟು ಗಾಂಭೀರ್ಯ’ ಎಂಬ ವಾದ. ಮಕ್ಕಳ ಹವ್ಯಾಸವಾದ್ದರಿಂದಲೇ ಗಾಂಭೀರ್ಯ ಬೇಕು. ಚೀಟಿಯ ಆಸಕ್ತಿಯನ್ನು ಬೆಳೆಸಲೆಂದು ಅಂಚೆ ಇಲಾಖೆ 2017ರಲ್ಲಿ ‘ಸ್ಪರ್ಶ್’ ಎಂಬ ಯೋಜನೆಯನ್ನು ಆರಂಭಿಸಿ, ಆರರಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷಕ್ಕೆ 6000 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಇಟ್ಟಿತು. ಒಳ್ಳೆಯ ಕೆಲಸ. ಆದರೆ ಅಂಥ ಮಗುವಿನ ಕೈಗೆ ನಾವು ಏನನ್ನು ಕೊಡುತ್ತೇವೆ? ಅಂಗಡಿಯಿಂದ ತಂದ ಚೀಟಿಗಳ ಪ್ಯಾಕೆಟನ್ನೇ? ಹಕ್ಕಿಯ ಚೀಟಿ ಹತ್ತು, ಹೂವಿನ ಚೀಟಿ ಹತ್ತು? ಅದರ ಬದಲು ಮನೆಯಲ್ಲಿರುವ ಒಂದೇ ಒಂದು ಹಳೆಯ ಕಾಗದವನ್ನು ಕೊಟ್ಟು, ‘ಇದು ಯಾವ ದಾರಿಯಲ್ಲಿ ಬಂತು, ಎಷ್ಟು ದಿನ ಹಿಡಿಯಿತು, ಇದನ್ನು ಬರೆದವರು ನಿನಗೇನಾಗಬೇಕು’ ಎಂದು ಕೇಳಿ ನೋಡಿ. ಭೂಗೋಳ, ಗಣಿತ, ಚರಿತ್ರೆ, ಭಾಷೆ ನಾಲ್ಕೂ ಪಾಠಗಳು ಒಂದೇ ಲಕೋಟೆಯಲ್ಲಿವೆ. ಪಿನ್‌ಕೋಡ್ ಇದ್ದರೆ ಕಾಗದ 1972ರ ಆಗಸ್ಟ್ 15ಕ್ಕಿಂತ ಈಚಿನದು ಎಂಬ ಒಂದು ಸುಳಿವನ್ನು ಕೊಡಿ ಸಾಕು, ಉಳಿದದ್ದನ್ನು ಮಗುವೇ ಹುಡುಕುತ್ತದೆ.

ಮೂರನೆಯದು ಬೆಲೆಯ ವಾದ: ‘ಕಾಗದಕ್ಕೆ ಬೆಲೆಯಿಲ್ಲ, ಚೀಟಿಗೆ ಬೆಲೆಯಿದೆ.’ ಬೆಲೆಯ ಮಹಿಮೆಯನ್ನು ನೋಡಿ. 1948ರ ಆಗಸ್ಟ್ 15ರಂದು ಗಾಂಧೀಜಿಯವರ ಸ್ಮರಣೆಗೆ ಹೊರಟ ಹತ್ತು ರೂಪಾಯಿಯ ಚೀಟಿಯಲ್ಲಿ ಗವರ್ನರ್ ಜನರಲ್ ಅವರ ಬಳಕೆಗೆಂದು ನೂರನ್ನು ಮಾತ್ರ ‘ಸರ್ವಿಸ್’ ಎಂದು ಒತ್ತಿ ಇಟ್ಟರು. ಅವುಗಳಲ್ಲಿ ನಾಲ್ಕರ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಕಾರ್ಡಿನ ಮೇಲೆ, ಬರೆದು ಉಳಿದ ಕಾಗದದ ಹಿಂಬದಿಯಲ್ಲಿ, ಪೈಸೆ ಪೈಸೆಯನ್ನು ಎಣಿಸಿ ಸಾವಿರಾರು ಪತ್ರಗಳನ್ನು ಬರೆದ ಮನುಷ್ಯ ಗಾಂಧೀಜಿ. ಅವರ ಹೆಸರಿನಲ್ಲಿ ಅಷ್ಟು ಬೆಲೆ ಸಿಕ್ಕಿದ್ದು ಯಾವ ಕಾಗದವನ್ನೂ ಎಲ್ಲಿಗೂ ಒಯ್ಯದ ನಾಲ್ಕು ಚೂರುಗಳಿಗೆ! ಅದನ್ನು ಪೇಟೆ ಎನ್ನಬಹುದು, ವಿದ್ಯೆ ಎನ್ನಲಾಗದು. ‘ಪ್ರಥಮ ದಿನದ ಲಕೋಟೆ’ ಎಂಬ ವಸ್ತುವೂ ಇದೇ ಜಾತಿಯದು. ಕೌಂಟರಿನಲ್ಲಿ ಕೊಂಡು, ಅಲ್ಲಿಯೇ ಠಸ್ಸೆ ಬಡಿಸಿ, ಅಲ್ಲಿಯೇ ಕೈಗೆ ಪಡೆದು ಬೀರುವಿನಲ್ಲಿ ಇಡುವ ಆ ಲಕೋಟೆ ಒಂದು ಮೈಲಿಯನ್ನೂ ನಡೆದಿರುವುದಿಲ್ಲ. 2006ರಲ್ಲಿ ಶ್ರೀಗಂಧದ ಪರಿಮಳದ ಹದಿನೈದು ರೂಪಾಯಿಯ ಚೀಟಿ ಬಂತು. ಕೊಂಡವರು ಬಹಳ. ಅದನ್ನು ಕಾಗದಕ್ಕೆ ಹಚ್ಚಿ ಮಗಳಿಗೋ ಮಿತ್ರನಿಗೋ ಕಳುಹಿಸಿದವರು ನಿಮ್ಮ ಬಳಗದಲ್ಲಿ ಎಷ್ಟು ಮಂದಿ ಇದ್ದಾರೆ, ಎಣಿಸಿ ನೋಡಿ.

ನಾಲ್ಕನೆಯ ವಾದವನ್ನು ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುತ್ತೇನೆ. ‘ಕಾಗದ ಖಾಸಗಿಯದು. ಅಜ್ಜಿ ಅಜ್ಜನಿಗೆ ಬರೆದದ್ದನ್ನು ಊರವರ ಮುಂದೆ ಇಡಬೇಕೇ?’ ಬೇಡ. ಒಳಗಿನ ಹಾಳೆಯನ್ನು ಯಾರಿಗೆ ತೋರಿಸಬೇಕು, ಯಾರಿಗೆ ಕೂಡದು ಎಂಬುದನ್ನು ಮನೆಯವರೇ ನಿರ್ಧರಿಸಲಿ. ಕೆಲವನ್ನು ಓದದೆಯೇ ಕಟ್ಟಿ ಇಡಲಿ. ಆದರೆ ಗುಟ್ಟನ್ನು ಕಾಪಾಡುವ ಮರ್ಯಾದೆ ಬೇರೆ, ಚೀಟಿಯನ್ನು ಕತ್ತರಿಸಿ ಉಳಿದದ್ದನ್ನು ರದ್ದಿಗೆ ತೂಗುವುದು ಬೇರೆ. ಖಾಸಗಿತನದ ಮಾತನಾಡಿದ ಮನೆಯಿಂದಲೇ ಕಿಲೋ ಲೆಕ್ಕದಲ್ಲಿ ಮಾರಾಟವಾದ ಪತ್ರಗಳಲ್ಲಿ ಮರುದಿನ ಕಡಲೆಕಾಯಿ ಕಟ್ಟಿಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಇನ್ನು ಮಾಡಬೇಕಾದದ್ದೇನು? ಮಾಸ್ತರನ ಅಭ್ಯಾಸ, ಕ್ರಮವಾಗಿ ಹೇಳುತ್ತೇನೆ. ಚೀಟಿಯನ್ನು ಲಕೋಟೆಯಿಂದ ಬಿಡಿಸಬೇಡಿ. ಕತ್ತರಿಯಿಂದಲೂ ಬೇಡ, ನೀರಿನಿಂದಲೂ ಬೇಡ. ಲಕೋಟೆಯನ್ನೂ ಒಳಗಿನ ಕಾಗದವನ್ನೂ ಬೇರೆ ಮಾಡಬೇಡಿ. ಹರಿದಲ್ಲಿ ಸೆಲ್ಲೋ ಟೇಪನ್ನು ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಕೆಲವೇ ವರ್ಷಗಳಲ್ಲಿ ಟೇಪಿನ ಅಂಟು ಹಳದಿಯಾಗಿ ಅಕ್ಷರಗಳನ್ನು ತಿಂದುಹಾಕುತ್ತದೆ. ತಂತಿಗೆ ಚುಚ್ಚಿದ ಕಾಗದಗಳನ್ನು ತೆಗೆಯುವ ಮೊದಲು ಅವು ಇದ್ದ ಅನುಕ್ರಮವನ್ನು ಬರೆದುಕೊಳ್ಳಿ, ಏಕೆಂದರೆ ತಾರೀಖಿಲ್ಲದ ಕಾಗದಕ್ಕೆ ಮೇಲಿನ ಮತ್ತು ಕೆಳಗಿನ ಕಾಗದಗಳೇ ಸಾಕ್ಷಿ. ಲಕೋಟೆಯ ಎರಡೂ ಬದಿಗಳ ಚಿತ್ರವನ್ನು ತೆಗೆದಿಡಿ, ಹಿಂಬದಿಯನ್ನು ಮರೆಯಬೇಡಿ. ಬರೆದವರು ಯಾರು, ಪಡೆದವರು ಯಾರು, ಅವರ ನಡುವಿನ ಸಂಬಂಧವೇನು ಎಂಬುದನ್ನು ಬೇರೊಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಈ ಕೆಲಸವನ್ನು ಈ ವಾರವೇ ಮಾಡಿ. ‘ಚಿ. ಸೌ. ಅಕ್ಕನಿಗೆ’ ಎಂದಿದ್ದರೆ ಆ ಅಕ್ಕ ಯಾರೆಂದು ಹೇಳಬಲ್ಲವರು ಅವರೊಬ್ಬರೇ. ಇಟ್ಟುಕೊಳ್ಳಲು ಜಾಗವಿಲ್ಲವೆಂದಾದರೆ ಇತಿಹಾಸವನ್ನು ಓದುವ ಒಬ್ಬರನ್ನೋ ಒಂದು ಗ್ರಂಥಾಲಯವನ್ನೋ ವಿಚಾರಿಸಿ. ರದ್ದಿಯವನು ಕಟ್ಟಕಡೆಯವನಾಗಿರಲಿ, ಮೊದಲನೆಯವನಾಗದಿರಲಿ.

ತುರ್ತಿನ ಕಾರಣವನ್ನೂ ಹೇಳಿ ಮುಗಿಸುತ್ತೇನೆ. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆ ತನ್ನ ಪ್ರತ್ಯೇಕ ಅಸ್ತಿತ್ವವನ್ನು ಕಳೆದುಕೊಂಡು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ನಿಮ್ಮ ಮಕ್ಕಳಿಗೆ ನೀವು ಬರೆದ ಕಾಗದಗಳು ಇಲ್ಲ, ಅವರು ನಿಮಗೆ ಬರೆದವೂ ಇಲ್ಲ. ಫೋನು ಬದಲಿಸಿದಾಗ ಸಂದೇಶಗಳೂ ಹೋಗುತ್ತವೆ. ಸಾಮಾನ್ಯ ಮನೆತನಗಳು ತಮ್ಮ ಕೈಯಾರೆ ಬರೆದಿಟ್ಟ ಚರಿತ್ರೆ ಎಂದರೆ ಸುಮಾರು ನೂರೈವತ್ತು ವರ್ಷಗಳ ಆ ಕಾಗದಗಳು ಮಾತ್ರ. ಅರ್ಧಾಣೆಯ ದರ ಅದಕ್ಕೆ ಬಾಗಿಲನ್ನು ತೆರೆಯಿತು, 1879ರಲ್ಲಿ ಬಂದ ಕಾಲಾಣೆಯ ಕಾರ್ಡು ಆ ಬಾಗಿಲನ್ನು ಬಡವರಿಗೂ ಅಗಲಿಸಿತು. ರಾಜರಿಗೆ ಶಾಸನಗಳಿವೆ, ನಮ್ಮಂಥವರಿಗೆ ಇರುವುದು ಕಾರ್ಡು ಮತ್ತು ಲಕೋಟೆ. ಶಾಸನದ ಕಲ್ಲಿನಿಂದ ಸೂರ್ಯಚಂದ್ರರ ಚಿತ್ರವನ್ನಷ್ಟೇ ಕೆತ್ತಿಕೊಂಡು ಹೋದವನನ್ನು ನೀವು ಏನೆಂದು ಕರೆಯುವಿರಿ?

ಆದ್ದರಿಂದ ಚೀಟಿಗಳನ್ನು ಪ್ರೀತಿಸಿ, ಅವು ಹುಟ್ಟಿದ್ದು ಯಾವುದಕ್ಕಾಗಿಯೋ ಅದರ ಜೊತೆಯಲ್ಲಿಟ್ಟು ಪ್ರೀತಿಸಿ. ನಿಮ್ಮ ಮನೆಗಳಲ್ಲಿ ಉಳಿದಿರುವ ಕಾಗದಗಳ ಬಗ್ಗೆ, ಅವುಗಳ ಮೇಲಿರುವ ಊರುಗಳ ಹೆಸರು ಮತ್ತು ತಾರೀಖುಗಳ ಬಗ್ಗೆ ನನಗೆ ತಿಳಿಸಿ. ಮೈಸೂರು ಅಂಚೆಯ ಒಂದು ಠಸ್ಸೆಯೋ ನಿಜಾಮರ ಸೀಮೆಯ ಒಂದು ಲಕೋಟೆಯೋ ಯಾರದಾದರೂ ಟ್ರಂಕಿನಲ್ಲಿ ಸಿಕ್ಕಿದರೆ ಈ ವಯಸ್ಸಿನಲ್ಲಿಯೂ ಬಸ್ಸು ಹತ್ತಿ ನೋಡಲು ಬರುತ್ತೇನೆ. ತಿಳಿಸುವವರು ಸಾಧ್ಯವಾದರೆ ಕಾರ್ಡಿನಲ್ಲಿಯೇ ಬರೆಯಿರಿ. ತಾರೀಖನ್ನೂ ಊರಿನ ಹೆಸರನ್ನೂ ತಪ್ಪದೆ ಹಾಕಿ.